ಮೆಕ್ಯಾನಿಕ್ ತೋರಿಸಿದ ಆಸ್ಪತ್ರೆ

ಧಾರವಾಡ ಮುಟ್ಟುತ್ತಲೇ ಸಲೀಮಭಾಯಿ ಕಾರು ನಿಧಾನ ಮಾಡಿ ಕೇಳಿದರು: "ನಿಮ್ಮ ಆಸ್ಪತ್ರೆ ವಿಮಾ ಪಟ್ಟಿಯೊಳಗ ಐತೇನ್ರಿ?"

ಹಿಂದಿನ ಸೀಟಿನಲ್ಲಿ ಹೆಂಡತಿ ಅಪೆಂಡಿಕ್ಸ್ ನೋವಿಗೆ ಮುದುಡಿದ್ದಳು. ನಾನು ಅವಳನ್ನು ಹಿಡಿದು ಪಕ್ಕದಲ್ಲೇ ಕೂತಿದ್ದರಿಂದ, ನನ್ನ ಹೊಸ ಕಾರನ್ನು ಹಳಿಯಾಳದಿಂದ ನಮ್ಮೂರ ಮೆಕ್ಯಾನಿಕ್ಕಾದ ಅವರೇ ಓಡಿಸಿದ್ದರು. ವಿಮಾ ಕಂಪನಿ ನೇರವಾಗಿ ಬಿಲ್ಲು ಕಟ್ಟುವ ಆಸ್ಪತ್ರೆಗಳ ಪಟ್ಟಿಯೊಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ವಿಮಾ ಕಾರ್ಡಿನ ನಂಬರಿಗೆ ಫೋನ್ ಹಚ್ಚಿದೆ. ನಮ್ಮ ಖಾಯಂ ಆಸ್ಪತ್ರೆ ಪಟ್ಟಿಯಲ್ಲಿರಲಿಲ್ಲ. ಅದೇ ರಸ್ತೆಯ ಇನ್ನೊಂದು ಇತ್ತು.

"ಈ ಕಾರಿನ ವಾರಂಟಿ ಇದ್ದಂಗ್ರಿ. ಕಂಪನಿ ಗ್ಯಾರೇಜಿಗೆ ಒಯ್ದ್ರ ಖರ್ಚು ಅವರ್ದು. ನನ್ನ ಕಡೆ ತಂದ್ರೂ ರಿಪೇರಿ ಆಗತೈತಿ, ರೊಕ್ಕ ಮಾತ್ರ ನಿಮ್ದು," ಎಂದವರೇ ಆ ಇನ್ನೊಂದರ ಗೇಟಿನೊಳಗೆ ಕಾರು ತಿರುಗಿಸಿದರು.

ಸಂಜೆಯೊಳಗೆ ಆಪರೇಷನ್ ಸಲೀಸಾಗಿ ಮುಗಿಯಿತು. ಬಿಲ್ಲು ವಿಮಾ ಕಂಪನಿಗೇ ಹೋಯಿತು. ತಮ್ಮ ಗಿರಾಕಿಯನ್ನು ಬೇರೆ ಗ್ಯಾರೇಜಿಗೆ ಕಳಿಸುವ ಮಾತಾಡಿ ನನಗೆ ವಿಮೆ ಕಲಿಸಿದ ಮನುಷ್ಯ ಅವರು. ಕಾರನ್ನು ಅವರ ಗ್ಯಾರೇಜಿಗೇ ಒಯ್ಯಲು, ಅದರ ವಾರಂಟಿ ಯಾವಾಗ ಮುಗಿದೀತೆಂದು ಈಗ ಕಾಯುತ್ತಿದ್ದೇನೆ.