ಜ್ವರ ತಂದವರು ಯಾರು

ಟಿ.ವಿ.ಯಲ್ಲಿ ದಿನವೂ ಹಂದಿಜ್ವರದ ಸುದ್ದಿ ಬರುತ್ತಿದ್ದ ಕಾಲವದು. ನಾನಾಗ ಐದನೇ ಕ್ಲಾಸು. ನಮ್ಮೂರು ಭಾರತೀನಗರದಿಂದ ಎರಡು ಮೈಲಿ ಒಳಗೆ. ಕಬ್ಬು ಅರೆಯುವ ದಿನಗಳಲ್ಲಿ ಅಲ್ಲಿನ ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆ ಊರಿನವರೆಗೂ ಬರುತ್ತಿತ್ತು. ಆ ಸಲ ಅದರ ಜೊತೆಗೆ ಮನೆಮನೆಯಿಂದಲೂ ನೀಲಗಿರಿ ಎಣ್ಣೆಯ ಘಾಟು. ಕುಂಟೆಬಿಲ್ಲೆ ಆಡುವಾಗ ಯಾರಾದರೂ ಸೀನಿದರೆ ಸಾಕು, ಆಟ ಬಿಟ್ಟು ಓಡುತ್ತಿದ್ದೆವು.

ಊರವರ ಕಣ್ಣೆಲ್ಲ ಮಂಗಳಕ್ಕನ ಮೇಲಿತ್ತು. ಅವಳು ನಮ್ಮೂರಿನ ಆಶಾ ಕಾರ್ಯಕರ್ತೆ. ಕರೆಯದಿದ್ದರೂ ಮನೆಯೊಳಗೆ ಬಂದು, "ಕೆಮ್ಮುವಾಗ ಬಾಯ್ಗೆ ಬಟ್ಟೆ ಇಡ್ಕಳಿ. ಜ್ವರ ಬಂದ ಮಕ್ಳ ಸ್ಕೂಲಿಗೆ ಕಳಿಸ್ಬ್ಯಾಡಿ, ಬ್ಯಾರೆ ಮಲಗ್ಸಿ," ಎನ್ನುತ್ತಿದ್ದಳು. ಅವಳು ಅತ್ತ ಹೋದ ಕೂಡಲೇ ಪಕ್ಕದ ಮನೆಯ ಸಣ್ಣತಾಯಮ್ಮ, "ಜ್ವರದ ಮನೆಗೆಲ್ಲ ಓಗಿ ಬತ್ತಾಳೆ. ತರೋಳೇ ಇವ್ಳು ಕಣಮ್ಮ," ಎನ್ನುವಳು.

ನಾನು ಅದನ್ನು ನಂಬಿದ್ದೆ. ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ, ಗೋಡೆ ಮರೆಯಲ್ಲಿ ನಿಲ್ಲುತ್ತಾ ಅವಳ ಹಿಂದೆಯೇ ಹೋದೆ. ಒಂದೊಂದು ಮನೆಯಿಂದ ಹೊರಗೆ ಬಂದಾಗಲೂ ಅವಳು ಬೀದಿ ನಲ್ಲಿಗೆ ಹೋಗಿ, ಚೀಲದಿಂದ ಸೋಪಿನ ಚೂರು ತೆಗೆದು ಮೊಣಕೈವರೆಗೂ ತೊಳೆಯುತ್ತಿದ್ದಳು. ಕೊಡ ಹಿಡಿದು ನಿಂತಿದ್ದ ಸಣ್ಣತಾಯಮ್ಮ ರೇಗಿದಳು: "ಜ್ವರನೆಲ್ಲ ತಂದು ನಮ್ ನಲ್ಲೀಲೇ ತೊಳೀತೀಯಲ್ಲ, ಬ್ಯಾರೆ ಜಾಗ ಇಲ್ವಾ ನಿಂಗೆ?"

ಮಂಗಳಕ್ಕ ಸೋಪಿನ ಚೂರನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಮನೆಗೆ ನಡೆದಳು. ಉತ್ತರ ಕೊಡದ್ದು ನೋಡಿ ನನ್ನ ಗುಮಾನಿ ಇನ್ನೂ ಹೆಚ್ಚಾಯಿತು.

ಅದಾದ ವಾರಕ್ಕೆ, ಒಂದು ಭಾನುವಾರ, ನನಗೆ ಜ್ವರ ಬಂತು. ಅಮ್ಮ ಬಾಗಿಲು ಹಾಕಿಕೊಂಡು ಮೆಣಸಿನ ಕಷಾಯ ಕುಡಿಸಿ, ಮಾತ್ರೆ ನುಂಗಿಸಿದಳು. "ಯಾರ್ಗೂ ಏಳ್ಬ್ಯಾಡ. ಊರೆಲ್ಲ ನಮ್ಮನೆ ಕಡೀಕೆ ಬೆರಳು ಮಾಡ್ತದೆ," ಅಂದಳು. ಮಾರನೆಯ ದಿನ ಮೈ ಬಿಸಿ ಸ್ವಲ್ಪ ಇಳಿದದ್ದೇ ಸ್ಕೂಲಿಗೆ ಕಳಿಸಿದಳು. ಮಲಗುವುದು ಎಂದಿನಂತೆ ಅಜ್ಜಿಯ ಕಂಬಳಿಯೊಳಗೇ.

ನಾಲ್ಕೇ ದಿನದಲ್ಲಿ ನನ್ನ ಬೆಂಚಿನ ಮೂವರೂ ಜ್ವರದಿಂದ ಮಲಗಿದರು. ಆಮೇಲೆ ಅಜ್ಜಿ. ನೋಡಲು ಬಂದವರಿಗೆಲ್ಲ ಅಮ್ಮ, "ಆ ಮಂಗ್ಳಿ ಮೊನ್ನೆ ಜಗಲಿ ಮ್ಯಾಲೆ ಕುಂತಿದ್ಲಲ್ಲ, ಅವಳಿಂದ್ಲೇ," ಎಂದು ಹೇಳಿದಳು. ನಾನು ಅಮ್ಮನ ಮುಖವನ್ನೇ ನೋಡಿದೆ. ಅವಳು ನನ್ನತ್ತ ತಿರುಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿಗೆ ಉಸಿರು ಎಳೆಯಲು ಆಗಲಿಲ್ಲ. ಬೇರೆ ದಾರಿ ಕಾಣದೆ ಅಪ್ಪ ಮಂಗಳಕ್ಕನನ್ನೇ ಕರೆತಂದರು. ಅವಳು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಬಂದು, ಅಜ್ಜಿಯ ಎದೆ ಏರಿಳಿಯುವುದನ್ನು ನೋಡಿದಳು. "ಈ ಮನೇಲಿ ಮೊದ್ಲು ಯಾರ್ಗೆ ಬಂತು? ನಿಜ ಏಳಿ, ಡಾಕ್ಟ್ರು ಕೇಳ್ತಾರೆ."

"ಯಾರ್ಗೂ ಇಲ್ಲ," ಅಂದಳು ಅಮ್ಮ. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

"ನಂಗೆ ಅಕ್ಕ," ಅಂದೆ. "ಬಾನುವಾರ."

ಮಂಗಳಕ್ಕ ಬಯ್ಯಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿ, ತಾನೇ ಅಜ್ಜಿಯ ಜೊತೆ ಕೂತು ಮಂಡ್ಯಕ್ಕೆ ಹೋದಳು. ಎಂಟು ದಿನದ ಮೇಲೆ ಅಜ್ಜಿ ನಡೆದುಕೊಂಡೇ ಮನೆಗೆ ಬಂದಳು.

ನಿಜ ಏನೆಂದು ಮಂಗಳಕ್ಕ ಊರಲ್ಲಿ ಯಾರಿಗೂ ಹೇಳಲಿಲ್ಲ. ನಾವೂ ಹೇಳಲಿಲ್ಲ. 'ಜ್ವರದ ಮಂಗ್ಳಿ' ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಮುಂದೆ ಅವಳು ಯಾರ ಮನೆಯೊಳಗೂ ಬರಲಿಲ್ಲ. ಬೀದಿಯಲ್ಲೇ ನಿಂತು ಹೇಳುವುದನ್ನು ಹೇಳಿ ಹೋಗುತ್ತಿದ್ದಳು. ಈಗ ಅವಳ ಕೆಲಸಕ್ಕೆ ಬಂದಿರುವ ಹುಡುಗಿ ಫೋನಿಗೆ ಮೆಸೇಜು ಹಾಕುತ್ತಾಳೆ. ಜ್ವರ ಬಂದರೆ ಒಳಗೆ ಬಂದು ಹಣೆ ಮುಟ್ಟಿ ನೋಡುವವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ.

ಹೋದ ವರ್ಷ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಂಗಳಕ್ಕ ಸಿಕ್ಕಳು. ಕೂದಲೆಲ್ಲ ನೆರೆತಿತ್ತು. ಮಕ್ಕಳು ಮರಿ ವಿಚಾರಿಸಿದಳು. ಕೊನೆಗೆ ನಾನೇ, "ಅಕ್ಕ, ಅವತ್ತು ನಾವು ಊರೋರ್ಗೆ ಏಳ್ಬೇಕಿತ್ತು," ಅಂದೆ.

'ಓಗ್ಲಿ ಬುಡವ್ವ' ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು.

"ಊಂ ಕಣವ್ವ. ಏಳ್ಬೇಕಿತ್ತು."