ಅಕ್ಕನ ಗಂಜಿಗೆ ಒಣನಿಂಬೆ

ಟಣ್ ಟಣ್ ಟಣ್ ಎಂದು ಕಬ್ಬಿಣದ ಗ್ರಿಲ್ ಬಾಗಿಲಿಗೆ ಸೌಟು ಬಡಿಯುವ ಸದ್ದು. ಸಿಂಗಾಪುರದ ಯಿಶುನ್‌ನ ನಮ್ಮ ಬ್ಲಾಕಿನ ಒಂಬತ್ತನೆಯ ಮಹಡಿಯಲ್ಲಿ ಆ ಸದ್ದಿಗೆ ಒಂದೇ ಅರ್ಥವಿತ್ತು. ಮಳೆ ಬರುತ್ತಿದೆ, ತಟ್ಟೆ ಒಳಗೆ ತೆಗೆದುಕೋ. ಪಕ್ಕದ ಮನೆಯ ಚೀನೀ ಹೆಂಗಸು ಅಡುಗೆ ಬಿಟ್ಟು ಓಡಿಬಂದು ನಮ್ಮ ಗ್ರಿಲ್ ಬಡಿಯುತ್ತಿದ್ದಳು. "ಆಂಟಿ! ರೇನ್ ಕಮಿಂಗ್ ಲಾ! ಯುವರ್ ಲೈಮ್, ಯುವರ್ ಲೈಮ್!" ಅವಳಿಗೆ ನಾನು ಆಂಟಿ, ನನಗೆ ಅವಳು ಆಂಟಿ. ಇಬ್ಬರಿಗೂ ಎಪ್ಪತ್ತು ದಾಟಿತ್ತು.

ಕಾರಿಡಾರಿನಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಎರಡು ತಟ್ಟೆ. ಅವಳದರಲ್ಲಿ ಕಿತ್ತಳೆ ಸಿಪ್ಪೆ, ನನ್ನದರಲ್ಲಿ ಉಪ್ಪು ತುಂಬಿದ ನಿಂಬೆ. ಚೀನೀ ಹೊಸವರ್ಷದಲ್ಲಿ ಬಂದವರೆಲ್ಲ ಕೊಟ್ಟ ಕಿತ್ತಳೆಯನ್ನು ತಿಂದು ಮುಗಿಸಿ, ಅವಳು ಸಿಪ್ಪೆಯ ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು ಒಣಗಿಸುತ್ತಿದ್ದಳು. ಸಿಪ್ಪೆ ಹಳೆಯದಾದಷ್ಟೂ ಒಳ್ಳೆಯದಂತೆ. ಹೆಸರುಕಾಳಿನ ಸಿಹಿಗಂಜಿಗೆ, ಬಾತುಕೋಳಿ ಬೇಯಿಸುವಾಗ, ಕೆಮ್ಮಿಗೆ, ಹೊಟ್ಟೆ ಉಬ್ಬರಕ್ಕೆ, ಎಲ್ಲಕ್ಕೂ ಅದೇ ಸಿಪ್ಪೆ. ನನಗೆ ನಗು ಬರುತ್ತಿತ್ತು. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಅವ್ವ ಒಣನಿಂಬೆಯ ವಿಷಯದಲ್ಲಿ ಹೇಳುತ್ತಿದ್ದ ಮಾತುಗಳೂ ಹೆಚ್ಚುಕಡಿಮೆ ಇವೇ. ಜ್ವರ ಬಂದವರಿಗೆ, ಬಾಣಂತಿಗೆ, ಬಾಯಿ ಕೆಟ್ಟವರಿಗೆ ಗಂಜಿ ಮತ್ತು ಒಂದು ಹೋಳು ಹಳೇ ಒಣನಿಂಬೆ. ಎಣ್ಣೆಯಿಲ್ಲ, ಖಾರವಿಲ್ಲ. ಅದನ್ನು ಉಪ್ಪಿನಕಾಯಿಯ ಭರಣಿಗಳ ಸಾಲಿನಲ್ಲಿ ಇಡುತ್ತಲೂ ಇರಲಿಲ್ಲ. ಕಷಾಯದ ಸಾಮಾನಿನ ಜೊತೆ, ಓಮ, ಶುಂಠಿ, ಜ್ಯೇಷ್ಠಮಧುವಿನ ಪಕ್ಕದಲ್ಲಿ ಅದರ ಜಾಗ.

ಆ ಜಾಗವೇ ನನ್ನನ್ನು ಮೋಸಗೊಳಿಸಿತು ಎಂದು ಈಗ ಹೇಳಿದರೆ, ತಪ್ಪನ್ನು ಕಪಾಟಿನ ಮೇಲೆ ಹೊರಿಸಿದಂತಾಗುತ್ತದೆ. ನಾನು ಬೋರ್ಡಿಂಗಿನಲ್ಲಿದ್ದು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಅದನ್ನು ಕಲಿಸಿರಲಿಲ್ಲ. "ಸೇ ಇಟ್ ಪ್ಲೇನ್ಲಿ, ಚೈಲ್ಡ್" ಅನ್ನುತ್ತಿದ್ದರು. ಹಾಗಾಗಿ ಪ್ಲೇನ್ ಆಗಿ ಹೇಳುತ್ತೇನೆ. ನಿಂಬೆ ಒಣಗಿಸಿದ್ದು ಅಕ್ಕನಿಗೆ, ಅಕ್ಕನಿಗೆ ಕಿಡ್ನಿ ಹೋಗಿತ್ತು, ಮತ್ತು ನನಗೆ ಯಾರನ್ನಾದರೂ ಕೇಳಬೇಕು ಅನ್ನಿಸಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಸಿಂಗಾಪುರಕ್ಕೆ ಮೊದಲು ಬಂದವಳೂ ಅವಳೇ, ಶಾಲೆಯಲ್ಲಿ ಜಿಯಾಗ್ರಫಿ ಕಲಿಸಲು. ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿದ್ದ ನಮ್ಮ ಕಡೆಯ ವರನನ್ನು ನನಗೆ ಹುಡುಕಿ ಕರೆಸಿಕೊಂಡವಳೂ ಅವಳೇ. ತಾನು ಮಾತ್ರ ಮದುವೆಯಾಗಲಿಲ್ಲ. "ಒಂದು ಕ್ಲಾಸ್‌ಗೆ ನಲವತ್ತು ಮಕ್ಕಳು, ಇನ್ನೇನ ಬೇಕು?" ಅನ್ನುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವಳ ಫ್ಲ್ಯಾಟಿಗೆ ಶಿಫ್ಟ್ ಆದೆ. ಪಾಸಿರ್ ರಿಸ್‌ನಲ್ಲಿರುವ ಮಗ ಕರೆದ, ನಾನು ಹೋಗಲಿಲ್ಲ. ಎರಡು ವರ್ಷ ನಾವಿಬ್ಬರೂ ಬೋರ್ಡಿಂಗಿನ ಹುಡುಗಿಯರ ಹಾಗೆ ಇದ್ದೆವು. ಕ್ರಾಸ್‌ವರ್ಡ್, ಜಗಳ, ಸೋಮವಾರ ರೊಟ್ಟಿ, ಕೆಳಗಿನ ಹಾಕರ್ ಸೆಂಟರಿನಲ್ಲಿ ಒಂದು ಕಾಫಿಗೆ ಎರಡು ಲೋಟ.

ಆಮೇಲೆ ಡಯಾಲಿಸಿಸ್. ಎರಡು ಬ್ಲಾಕ್ ಆಚೆ, ಕಟ್ಟಡದ ಕೆಳಗಿನ ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನಲ್ಲೇ ಸೆಂಟರ್ ಇತ್ತು, ವಾರಕ್ಕೆ ಮೂರು ಮಧ್ಯಾಹ್ನ. ಹಣೆಗೆ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು ಇನ್‌ಸ್ಪೆಕ್ಷನ್‌ಗೆ ಹೋಗುವ ಹಾಗೆ ಹೋಗುತ್ತಿದ್ದಳು. ಅಲ್ಲಿನ ಡಯಟಿಷಿಯನ್, ಚಿಕ್ಕ ವಯಸ್ಸಿನ ಮಲಯ್ ಹುಡುಗಿ, ನನಗೊಂದು ಲಿಸ್ಟ್ ಕೊಟ್ಟಳು. ಬಾಳೆಹಣ್ಣು, ಕಿತ್ತಳೆ, ಟೊಮೆಟೊ, ಎಳನೀರು ಬೇಡ, ಅವುಗಳಲ್ಲಿ ಪೊಟ್ಯಾಸಿಯಂ. ಉಪ್ಪಿನಕಾಯಿ, ಹಪ್ಪಳ, ಸಾಸ್ ಬೇಡ, ಅವುಗಳಲ್ಲಿ ಉಪ್ಪು. ತರಕಾರಿ ನೆನೆಸಿ, ಬೇಯಿಸಿ, ನೀರು ಚೆಲ್ಲಿ. ಕುಡಿಯುವ ನೀರು ಅಳೆದು. ಬಾಯಾರಿಕೆ ತಡೆಯಲಾಗದಿದ್ದರೆ ತೆಳ್ಳನೆಯ ಒಂದು ಹೋಳು ಹಸಿ ನಿಂಬೆ ಚೀಪಬಹುದು.

ಆ ಕೊನೆಯ ಸಾಲನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಯಾಕೆಂದರೆ ಅಕ್ಕ ಊಟ ಬಿಟ್ಟಿದ್ದಳು. ಉಪ್ಪಿಲ್ಲದ ಅನ್ನ, ನೀರು ಬಸಿದು ಚೆಲ್ಲಿದ ಪಲ್ಯ. ಎರಡು ತುತ್ತಿಗೆ ತಟ್ಟೆ ದೂಡುತ್ತಿದ್ದಳು. ಕೈಯ ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದಳು. ಹೀಗೇ ಊಟ ಬಿಟ್ಟರೆ ಮಷೀನಿನ ಶ್ರಮವನ್ನು ದೇಹ ತಾಳುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಮಗ ಭಾನುವಾರ ಬಂದು ಅವಳನ್ನು ನೋಡಿ ನನ್ನನ್ನು ಅಡುಗೆಮನೆಗೆ ಕರೆದ.

"ಅಮ್ಮ, ನಿಮ್ಮಿಂದ ಮ್ಯಾನೇಜ್ ಆಗ್ತಿಲ್ಲ. ದೊಡ್ಡಮ್ಮನಿಗೆ ನರ್ಸಿಂಗ್ ಹೋಮ್‌ಗೆ ಅಪ್ಲೈ ಮಾಡೋಣ. ನೀವು ನಮ್ಮನೆಗೆ ಬನ್ನಿ."

"ಒಂದು ತಿಂಗಳು ಟೈಮ್ ಕೊಡು. ತಿನ್ನಿಸ್ತೀನಿ" ಎಂದೆ.

ಆ ತಿಂಗಳು ನಾನು ಮಾಡದ ಅಡುಗೆಯಿಲ್ಲ. ಉಪ್ಪಿಲ್ಲದ ಉಪ್ಪಿಟ್ಟು, ಉಪ್ಪಿಲ್ಲದ ದೋಸೆ, ಬಿಳಿ ಬ್ರೆಡ್ಡು. ಎಲ್ಲದಕ್ಕೂ ಒಂದೇ ಉತ್ತರ. "ಬಾಯಿ ಮಣ್ಣಾಗೇತಿ, ತಂಗಿ." ಒಂದು ಬೆಳಿಗ್ಗೆ ಮಾತ್ರ ಗಂಜಿಯ ಬಟ್ಟಲು ನೋಡುತ್ತಾ ಕೇಳಿದಳು.

"ಅವ್ವ ಕೊಟ್ಟ ಬಾಟಲಿ ಎಲ್ಲೈತಿ?"

"ಯಾವ ಬಾಟಲಿ?"

"ನಾಟಕ ಬ್ಯಾಡ. ಒಣ ನಿಂಬಿಕಾಯಿ. ಕಾನ್ವೆಂಟಿನ ಇನ್ಫರ್ಮರಿಯೊಳಗ ನಿನಗ ಟೈಫಾಯ್ಡ್ ಬಂದಾಗ ಲಂಗದ ನೆರಿಗಿಯೊಳಗ ಇಟ್ಕೊಂಡು ಬಂದು ತಿನ್ನಿಸಿದಾಕಿ ಯಾರು?"

"ಸಿಸ್ಟರ್ ಕೈಯಾಗ ಬೈಸಿಕೊಂಡಾಕಿನೂ ನೀನೇ."

"ಬೈಸಿಕೊಂಡೆ. ನೀ ಉಳದಿ. ಹೋಗು, ತಾ."

ಕಪಾಟಿನ ಹಿಂದೆ ಗಾಜಿನ ಬಾಟಲಿಯಲ್ಲಿ ನಾಲ್ಕು ಇದ್ದವು, ಕಪ್ಪಗೆ, ಕಲ್ಲಿನಂತೆ. ನಾನು ಯೋಚಿಸಲಿಲ್ಲ ಎಂದಲ್ಲ. ತುಂಬ ಯೋಚಿಸಿದೆ, ಅದೇ ಕೇಡು. ನಿಂಬೆ ಚೀಪಬಹುದು ಎಂದು ಲಿಸ್ಟಿನಲ್ಲೇ ಇದೆ. ಹಣ್ಣಿನ ರಸ ಬೇಡವೆಂದಿದ್ದಾರೆ, ಇದರಲ್ಲಿ ರಸವೇ ಇಲ್ಲ. ಮೇಲಿನ ಉಪ್ಪನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಹೋಗುತ್ತದೆ. ಉಪ್ಪಿನಕಾಯಿಯಂತೂ ಅಲ್ಲ, ಅವ್ವನ ಔಷಧ. ತೊಳೆದೆ, ಕಾಲು ಹೋಳು ಕತ್ತರಿಸಿ, ನುಣ್ಣಗೆ ಜಜ್ಜಿ ಗಂಜಿಗೆ ಬೆರೆಸಿದೆ. ಸಿಪ್ಪೆಯ ಕಹಿ, ಹಳೆಯ ಹುಳಿ, ಎಲ್ಲೋ ಒಂದಿಷ್ಟು ಬೆಲ್ಲದಂಥ ವಾಸನೆ. ಅಕ್ಕ ಬಟ್ಟಲನ್ನು ಖಾಲಿ ಮಾಡಿ, ಬೆರಳಿನಿಂದ ಒರೆಸಿ ನೆಕ್ಕಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ನಾಲ್ಕೂ ಮುಗಿದವು. ವೆಟ್ ಮಾರ್ಕೆಟ್ಟಿನಿಂದ ಪುಟ್ಟ ನಿಂಬೆ ತಂದು ನಾನೇ ಶುರುಮಾಡಿದೆ. ನಾಲ್ಕು ಸೀಳು, ಕಲ್ಲುಪ್ಪು, ವಾರ ಜಾಡಿಯಲ್ಲಿ, ಆಮೇಲೆ ಹಗಲು ಬಿಸಿಲು, ಸಂಜೆ ಮತ್ತೆ ಅದೇ ಉಪ್ಪುನೀರಿಗೆ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಹದಿನೈದು ದಿನದ ಕೆಲಸ. ಇಲ್ಲಿಯ ಒದ್ದೆ ಗಾಳಿಯಲ್ಲಿ ಬೂಸಲು. ಮೊದಲ ತಟ್ಟೆಯನ್ನು ಪೂರ್ತಿ ಬಿಸಾಕಿದೆ. ಆಗ ಚೀನೀ ಆಂಟಿ ಕೈಹಿಡಿದು ಕರೆದೊಯ್ದು ತನ್ನ ಹಿಂದಿನ ಕಿಟಕಿ ತೋರಿಸಿದಳು. ಏರ್‌ಕಾನ್‌ನ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಊದುವ ಕಡೆ ಅವಳು ಸಿಪ್ಪೆಯ ಜಾಳಿಗೆ ಕಟ್ಟಿದ್ದಳು. "ಸನ್ ನೋ ಗುಡ್, ಏರ್‌ಕಾನ್ ಗುಡ್!" ಹಗಲು ಕಾರಿಡಾರ್, ಮೋಡ ಕವಿದರೆ ಅವಳ ಏರ್‌ಕಾನ್. ಹೀಗೆ ಎರಡನೆಯ ತಟ್ಟೆ ಗೆದ್ದಿತು. ಕಾಲು ಹೋಳು ಅರ್ಧವಾಯಿತು, ಅರ್ಧ ಒಂದಾಯಿತು. ಅಕ್ಕನ ಕೆನ್ನೆ ತುಂಬಿಕೊಂಡಂತೆ ಕಂಡಿತು. ಭಾನುವಾರ ಬಂದ ಮೊಮ್ಮಗಳು ಅವಳನ್ನು ನೋಡಿ "ಅಜ್ಜಿ ಸೋ ಚಬ್ಬಿ ಲಾ!" ಎಂದಾಗ ನಾನು ಮಗನ ಮುಖವನ್ನು ಗೆದ್ದವಳಂತೆ ನೋಡಿದೆ.

ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು.

ಸೆಂಟರಿನಲ್ಲಿ ತೂಕ ನೋಡಿದ ನರ್ಸ್ ಎರಡು ಸಲ ತೂಕದ ಯಂತ್ರ ಹತ್ತಿಸಿದಳು. ಎರಡು ದಿನದಲ್ಲಿ ಇಷ್ಟು ನೀರು ಹೇಗೆ? ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ. ಏನು ತಿಂದರು? ಪ್ರಶ್ನೆ ನನಗೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಕ್ಲಾಸ್‌ರೂಮ್ ಇಂಗ್ಲಿಷಿನಲ್ಲಿ ಹೇಳಿದಳು. "ಐ ಹ್ಯಾಡ್ ಕೋಕೊನಟ್ ವಾಟರ್. ಟ್ವೈಸ್. ಮೈ ಸಿಸ್ಟರ್ ವಾಸ್ ನ್ಯಾಪಿಂಗ್."

ನಾನು ಅವಳ ಚಪ್ಪಲಿ ನೋಡುತ್ತ ನಿಂತೆ. ಮನೆಗೆ ಬಂದ ಮೇಲೆ ಕೇಳಿದೆ.

"ಯಾಕ ಸುಳ್ಳು ಹೇಳಿದಿ ಅಕ್ಕಾ?"

"ಖರೇ ಹೇಳಿದ್ರ ನಿನ್ನ ಮಗ ನಾಳೆನ ಬಂದು ನನ್ನ ಪೆಟ್ಟಿಗಿ ಕಟ್ಟತಾನ. ನಿನಗ ಬೇಕೇನು ಅದು?"

"ಬ್ಯಾಡ. ಆದ್ರ ಇನ್ನ ನಿಂಬಿಕಾಯಿನೂ ಬ್ಯಾಡ."

"ನಿಂಬಿಕಾಯಿ ಬ್ಯಾಡಂದ್ರ ಗಂಜಿನೂ ಬ್ಯಾಡ. ಎರಡೂ ಒಯ್ದು ಚೆಲ್ಲು."

ಹಾಗೇ ಮಾಡಿದಳು. ಮೂರು ದಿನ ಬಾಯಿಗೆ ಏನೂ ಇಲ್ಲ. ನಾಲ್ಕನೆಯ ದಿನ ನಾನು ಬೇಡಿಕೊಂಡೆ, ಬೈದೆ, ಲಿಂಗದ ಮೇಲೆ ಆಣೆ ಹಾಕಿಸಲು ನೋಡಿದೆ. ಅವಳು ಗೋಡೆಯ ಕಡೆ ತಿರುಗಿ "ನೀನೂ ಸಿಸ್ಟರ್ ಆಗಿಬಿಟ್ಟಿ" ಎಂದಳು. ತಿನ್ನದಿದ್ದರೆ ಸಾಯುತ್ತಾಳೆ, ತಿಂದರೂ, ಎಂದು ನನಗೆ ಆಗಲೇ ಅರ್ಧ ಗೊತ್ತಿತ್ತು. ಯಾರನ್ನು ಕೇಳಲಿ? ಕೇಳಿದರೆ ಅವಳು ನರ್ಸಿಂಗ್ ಹೋಮಿಗೆ ಹೋಗುತ್ತಾಳೆ. ಐದನೆಯ ದಿನ ಕಾಲು ಹೋಳು ತೊಳೆದೆ. ತಿರುಗಿ ತಿರುಗಿ ತೊಳೆದೆ, ಬೆರಳ ತುದಿ ಸುಕ್ಕುಗಟ್ಟುವವರೆಗೆ. ಅವಳು ತಿಂದಳು. ಮರುದಿನವೂ. ಅದರ ಮರುದಿನ ಬೆಳಿಗ್ಗೆ ಅವಳಿಗೆ ಮಲಗಲಾಗಲಿಲ್ಲ. ಕುರ್ಚಿಯಲ್ಲಿ ಮುಂದೆ ಬಾಗಿ, ನೀರಿನೊಳಗಿನಿಂದ ಉಸಿರೆಳೆದಂತೆ ಎಳೆಯುತ್ತಿದ್ದಳು. ಆಂಬುಲೆನ್ಸ್ ಬರುವವರೆಗೆ ಚೀನೀ ಆಂಟಿ ಅವಳ ಬೆನ್ನು ನೀವುತ್ತಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಮಷೀನಿಗೆ ಹಾಕಿ ನೀರು ತೆಗೆದರು. ಆ ಸಲ ಬದುಕಿಕೊಂಡಳು. ಡಿಸ್ಚಾರ್ಜ್ ಆಗಿ ಸೆಂಟರಿಗೆ ಮರಳಿದ ಮೊದಲ ದಿನ, ಅಕ್ಕ ಒಳಗೆ ಮಷೀನಿನ ಪಕ್ಕ ಇದ್ದಾಗ, ನಾನು ಡಯಟಿಷಿಯನ್ ಹುಡುಗಿಯ ಮುಂದೆ ಕೂತು ಪರ್ಸಿನಿಂದ ಒಂದು ಒಣನಿಂಬೆ ತೆಗೆದು ಟೇಬಲ್ ಮೇಲಿಟ್ಟೆ. ಎಷ್ಟು, ಎಷ್ಟು ದಿನ, ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ನಿಂಬೆಯನ್ನು ಕೈಗೆತ್ತಿಕೊಂಡು, ಮೂಸಿ ನೋಡಿ, ಮಕ್ಕಳಿಗೆ ಹೇಳುವಂತೆ ಹೇಳಿದಳು. ಹಣ್ಣು ಒಣಗಿದಾಗ ಹೋಗುವುದು ನೀರು ಮಾತ್ರ. ಪೊಟ್ಯಾಸಿಯಂ ಎಲ್ಲೂ ಹೋಗುವುದಿಲ್ಲ, ಸಣ್ಣ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗೆ ಹೆದರಿ ಓಡುವುದು ವಿಟಮಿನ್ ಸಿ, ಅಂದರೆ ಒಳ್ಳೆಯದು ಹೋಗಿ ಬೇಡದ್ದು ಉಳಿಯುತ್ತದೆ. ಉಪ್ಪು ತಿರುಳಿನವರೆಗೆ ಇಳಿದಿದೆ, ಹೊರಗೆ ತೊಳೆದರೆ ಏನೂ ಆಗದು. ಆ ಉಪ್ಪೇ ಬಾಯಾರಿಕೆ, ಆ ಬಾಯಾರಿಕೆಯೇ ನೀರು. ಕಿಡ್ನಿ ಸರಿಯಿದ್ದವರಿಗೆ ಚಿಟಿಕೆ ತಿಂದರೆ ಚಿಂತೆಯಿಲ್ಲ.

"ಹಾಗಾದರೆ ಅವಳು ಏನು ತಿನ್ನಬೇಕು?" ಎಂದೆ. ನನ್ನ ದನಿ ಜೋರಾಗಿತ್ತು.

ಪಕ್ಕದ ಮನೆಯವಳು ಒಣಗಿಸುವ ಸಿಪ್ಪೆಗೆ ಉಪ್ಪು ಹಾಕುತ್ತಾಳೋ ಎಂದು ಕೇಳಿದಳು. ಇಲ್ಲ ಎಂದೆ. ಹಾಗಿದ್ದರೆ ಉಗುರಗಲದ ಒಂದು ಚೂರು ಗಂಜಿಯಲ್ಲಿ ಕುದಿಸಿ, ಘಮ ಬಿಟ್ಟ ಮೇಲೆ ತೆಗೆದು ಬಿಸಾಕಿ, ಅಷ್ಟು ಸಾಕು. ಮೇಲೆ ಎರಡು ಹನಿ ಹಸಿ ನಿಂಬೆ. ತುಂಬ ರೋಗಿಗಳಿಗೆ ಬಾಯಿ ರುಚಿ ಬರುತ್ತದೆ ಎಂದಳು. "ಆಂಟಿ, ಯು ಕುಡ್ ಹ್ಯಾವ್ ಆಸ್ಕ್ಡ್ ಮಿ ದ ಫಸ್ಟ್ ಡೇ."

ಇಡೀ ಪರಿಹಾರ ನಮ್ಮ ಕಾರಿಡಾರಿನ ಇನ್ನೊಂದು ಸ್ಟೂಲಿನ ಮೇಲೆ ಎರಡು ತಿಂಗಳಿಂದ ಒಣಗುತ್ತಿತ್ತು.

ಬಾಗಿಲಲ್ಲಿ ಮಗ ನಿಂತಿದ್ದ. ಅಕ್ಕನನ್ನು ಮನೆಗೆ ಕರೆದೊಯ್ಯಲು ಕಾರು ತಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆ ರಾತ್ರಿಯೇ ನರ್ಸಿಂಗ್ ಹೋಮಿನ ಅರ್ಜಿ ತುಂಬಿದ. ಅವಳ ಪೆಟ್ಟಿಗೆ ಕಟ್ಟುವ ದಿನ ಮೆಲ್ಲಗೆ "ಐ ಆಮ್ ನಾಟ್ ಆಂಗ್ರಿ, ಅಮ್ಮ" ಎಂದ. ಅಕ್ಕ ನನ್ನ ಕಡೆ ನೋಡದೆ ಒಂದೇ ಸಾಲು ಹೇಳಿದಳು.

"ಹೇಳಿಬಿಟ್ಟಿ ಅಲ್ಲ."

"ಹೇಳದಿದ್ರ ನೀ ಸಾಯತಿದ್ದಿ."

"ನಮ್ಮ ಮನ್ಯಾಗ ಸಾಯತಿದ್ದೆ."

ಹೇಳದೆ ಇದ್ದದ್ದೂ ತಪ್ಪು, ಹೇಳಿದ್ದೂ ಅವಳ ಲೆಕ್ಕದಲ್ಲಿ ತಪ್ಪು. ಕಾನ್ವೆಂಟಿನ ಯಾವ ಕ್ಲಾಸಿನಲ್ಲೂ ಇಂಥ ಗಣಿತ ಮಾಡಿಸಿರಲಿಲ್ಲ.

ನರ್ಸಿಂಗ್ ಹೋಮ್ ಎರಡು ಬಸ್ಸಿನ ದೂರ. ನಾನು ದಿನಾ ಹೋದೆ. ಹೊರಗಿನ ಅಡುಗೆ ಒಳಗೆ ಬಿಡುವುದಿಲ್ಲ ಎಂದರು. ಡಯಟಿಷಿಯನ್ನಿಂದ ಚೀಟಿ ಬರೆಸಿ, ಸಿಪ್ಪೆಯ ಚೂರುಗಳನ್ನು ಅಲ್ಲಿನ ಅಡುಗೆಯವರ ಕೈಗೆ ಕೊಟ್ಟು, ಕುದಿಸುವುದು ಹೇಗೆಂದು ಮೂರು ಸಲ ಹೇಳಿದೆ. ಅವರು ಕುದಿಸಿದರು, ಕೆಲವು ದಿನ ಮರೆತರು. ಅಕ್ಕ ಕೆಲವು ದಿನ ನಾಲ್ಕು ಚಮಚ ತಿಂದಳು, ಹೆಚ್ಚು ದಿನ ಇಲ್ಲ. ಬಳೆಯನ್ನು ದಾರ ಸುತ್ತಿ ದಪ್ಪ ಮಾಡಿಕೊಟ್ಟೆ. ಅದೂ ಜಾರಿತು.

ಅವಳು ಬದುಕಿದ್ದಾಗ ಕೊನೆಯ ಸಲ ಹೋದದ್ದು ಒಂದು ಗುರುವಾರ ಮಧ್ಯಾಹ್ನ. ಊಟದ ಕೋಣೆಯಲ್ಲಿ ವೀಲ್‌ಚೇರ್‌ನಲ್ಲಿ ಕೂತಿದ್ದಳು. ಕೇರ್ ಮಾಡುವ ಹುಡುಗಿ ಗಂಜಿಯ ಬಟ್ಟಲು ಹಿಡಿದು ಕಾಯುತ್ತಿದ್ದಳು. ಗಂಜಿಯಿಂದ ಸಿಪ್ಪೆಯ ವಾಸನೆ ಬರುತ್ತಿತ್ತು, ಅವತ್ತು ಮರೆತಿರಲಿಲ್ಲ.

"ತಿನ್ನ ಅಕ್ಕಾ. ಎರಡ ಚಮಚ."

"ನೀ ನಿಂತು ನೋಡಕೋತ ಇದ್ರ ತಿನ್ನೂದಿಲ್ಲ."

"ಹಂಗಾದ್ರ ಹೋಗ್ತೀನಿ. ಹೋದ ಮ್ಯಾಲೆ ತಿಂತಿ?"

"ಹೋಗು ಮೊದಲ. ಸಾಲಿ ಬಿಡೂ ಹೊತ್ತು, ಬಸ್ಸು ತುಂಬತಾವ. ನಿಂತು ಹೋಗಬ್ಯಾಡ, ಮೊಣಕಾಲ ನೋವು ನಿನಗ."

ಲಿಫ್ಟಿನವರೆಗೆ ಹೋಗಿ ಒಳಗೆ ನಿಂತು ತಿರುಗಿದೆ. ಅಕ್ಕ ಹುಡುಗಿಯ ಕೈಯಿಂದ ಚಮಚ ಕಸಿದುಕೊಂಡಿದ್ದಳು. ತಾನೇ ಬಟ್ಟಲಿನಲ್ಲಿ ಅದ್ದಿ, ಮೇಲೆತ್ತಿ, ಗದ್ದದವರೆಗೆ ತಂದಳು. ಬಾಯಿಗೆ ಹೋಯಿತೋ, ಮತ್ತೆ ಬಟ್ಟಲಿಗೆ ಇಳಿಯಿತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.