ಮುಟ್ಬೇಡಿ ಮಾಮನ ಕಾಡು

ದಿನವಿಡೀ ಕತ್ತರಿ ಆಡಿಸಿ ಹೊಟ್ಟೆ ಹೊರೆಯುವ ಮನುಷ್ಯನಿಗೆ, ಯಾರೂ ಒಂದು ಎಲೆಯನ್ನೂ ಕತ್ತರಿಸದಂತೆ ಕಾಯುವ ಕೆಲಸ ಬಂತು ನೋಡಿ! ಬೀದಿಯ ತುದಿಯಲ್ಲಿದ್ದ ಕಸದ ಗುಡ್ಡೆ ತೆಗೆಸಿ ಬಡಾವಣೆಯವರೆಲ್ಲ ಸೇರಿ ಅಲ್ಲೊಂದು ಪುಟ್ಟ ಕಾಡು ನೆಟ್ಟರು. ಅವನ ಸಲೂನು ಅದರ ಎದುರಿಗೇ ಇತ್ತು. ‘ನೀವೇ ಸ್ವಲ್ಪ ನೋಡ್ಕೊಳ್ಳಿ’ ಎಂದು ಸಂಘದ ಅಧ್ಯಕ್ಷರು ಅದನ್ನು ಅವನ ಕೊರಳಿಗೆ ಕಟ್ಟಿ ಕೈತೊಳೆದುಕೊಂಡರು. ಅವನೋ, ಒಪ್ಪಿಕೊಂಡ ಕೆಲಸಕ್ಕೆ ಜೀವ ತೇಯುವ ಪೈಕಿ. ಅರ್ಧ ತಲೆ ಕತ್ತರಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ‘ಏಯ್, ಮುಟ್ಬೇಡಿ!’ ಎಂದು ಬೀದಿಗೆ ಹಾರುತ್ತಿದ್ದ. ಮಕ್ಕಳು ಅವನಿಗೆ ಮುಟ್ಬೇಡಿ ಮಾಮ ಎಂದು ಹೆಸರಿಟ್ಟವು, ದೊಡ್ಡವರು ಅದನ್ನೇ ಖಾಯಂ ಮಾಡಿದರು.

ಈ ಕಾಡಿನ ಕ್ರಮವೇ ಬೇರೆ. ಆ ನೆಲದಲ್ಲೇ ಹುಟ್ಟಿ ಬೆಳೆಯುವ ಗಿಡಗಳನ್ನು ಒಂದಕ್ಕೊಂದು ಮೈ ತಾಗುವಷ್ಟು ಹತ್ತಿರ ನೆಡಬೇಕು. ಬೆಳಕಿಗಾಗಿ ಪೈಪೋಟಿಗೆ ಬಿದ್ದು ಅವು ಸರಸರ ಮೇಲೇಳುತ್ತವೆ. ಕೆಲವು ಸೋತು, ಒಣಗಿ, ಅಲ್ಲೇ ಗೊಬ್ಬರವಾಗುತ್ತವೆ. ನಡುವೆ ಮನುಷ್ಯ ಕೈ ಹಾಕಬಾರದು, ಅಷ್ಟೇ. ಗಿಡ ಕೊಟ್ಟ ನರ್ಸರಿಯಾಕೆ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದಳು. ಆದರೆ ಅಧ್ಯಕ್ಷರ ತಲೆಗೊಂದು ಹುಳ ಹೊಕ್ಕಿತು. ಜನ ಬರಲಿ ಅಂತ ಮನೆಗೊಂದು ಗಿಡ, ಗಿಡಕ್ಕೊಂದು ತಗಡಿನ ಹೆಸರು ಫಲಕ! ಅಲ್ಲಿಗೆ ಮುಗಿಯಿತು. ಕಾಡು ಯಾರ ಕಣ್ಣಿಗೂ ಬೀಳಲಿಲ್ಲ, ತಮ್ಮ ತಮ್ಮ ಗಿಡ ಮಾತ್ರ ಬಿತ್ತು. ಪಕ್ಕದ ಮನೆಯವರ ಗಿಡ ಒಂದು ಗೇಣು ಮೇಲೆ ಹೋದರೆ ಸಾಕು, ವಾಕಿಂಗ್ ನೆಪದಲ್ಲಿ ಬಂದು ಅದರ ಕುಡಿ ಚಿವುಟುವುದು. ಬೇಕರಿಯವನದ್ದನ್ನು ಟೈಲರ್ ಚಿವುಟಿದ, ಟೈಲರನದ್ದನ್ನು ಬೇಕರಿಯವನ ಹೆಂಡತಿ ಮುರಿದಳು. ಥೂ, ಏನು ಜನವಪ್ಪಾ!

ಕೇಳಿದರೆ, “ಕತ್ತರಿ ಹಿಡಿದು ಬದುಕೋರು ನಮಗೆ ಕತ್ತರಿಸ್ಬೇಡಿ ಅಂತೀರಲ್ಲ!” ಎಂದು ಹಲ್ಲು ಕಿರಿಯುತ್ತಿದ್ದರು. ಅವನು ಜಗಳಕ್ಕೆ ನಿಂತ, ಕೈಮುಗಿದ, ಗಿರಾಕಿಗಳನ್ನು ಕಳೆದುಕೊಂಡ. ಎರಡು ವರ್ಷ ಹೀಗೆ ಏಗಿದ ಮೇಲೆ ಆ ಕೈಗಳು ಸ್ವಲ್ಪ ಹಿಂದೆ ಸರಿದವು. ಗಿಡಗಳು ಮಾಡಿನೆತ್ತರಕ್ಕೆ ಬಂದವು. ನಡುಮಧ್ಯಾಹ್ನವೂ ಒಳಗೆ ತಂಪು, ಕಾಲಿಟ್ಟರೆ ಮೆತ್ತಗಿನ ತರಗೆಲೆ.

ಹೊರಗಿನವರನ್ನೇನೋ ಗದರಿಸಬಹುದು. ಮನೆಯೊಳಗಿನವರನ್ನು ಏನು ಮಾಡುವುದು? ಅವನಿಗೆ ಕೆಲಸ ಕಲಿಸಿದ ಅಣ್ಣ ತೀರಿಕೊಂಡ ವರ್ಷವೇ ಈ ಕಾಡು ನೆಟ್ಟಿದ್ದು. ಅತ್ತಿಗೆ ಗಂಡನ ಹೆಸರಿನಲ್ಲಿ ಒಂದು ನೇರಳೆ ಗಿಡ ಇಟ್ಟಿದ್ದಳು. ಅದರ ಮಗ್ಗುಲಿಗೇ ಔಷಧಿ ಅಂಗಡಿಯವರ ಹೊಂಗೆ. ಹೊಂಗೆ ಕೊಡೆ ಬಿಚ್ಚಿದ ಹಾಗೆ ಹರಡಿಕೊಂಡಿತು, ನೇರಳೆ ಅದರಡಿ ಸಿಕ್ಕಿ ದಿನದಿನಕ್ಕೆ ಸೊರಗಿತು.

“ಒಂದೇ ಒಂದು ಕೊಂಬೆ ಕಣೋ,” ಎಂದಳು ಅತ್ತಿಗೆ. “ನಿಮ್ಮಣ್ಣಂಗೆ ಒಂಚೂರು ಬೆಳಕು ಬರ್ಲಿ.”

“ಅದು ಅಣ್ಣ ಅಲ್ಲ ಅತ್ತಿಗೆ, ಗಿಡ.”

“ನಿಂಗೆ ಗಿಡ. ನಂಗಲ್ಲ.”

“ಇವತ್ತು ನಾನೊಂದು ಕೊಂಬೆ ಕಡಿದ್ರೆ ನಾಳೆ ಬೀದಿಗೆ ಬೀದಿನೇ ಮಚ್ಚು ಹಿಡ್ಕೊಂಡು ಬರುತ್ತೆ. ಆಮೇಲೆ ಕಾಡೂ ಇಲ್ಲ, ಏನೂ ಇಲ್ಲ.”

ಅವತ್ತಿನಿಂದ ಅತ್ತಿಗೆ ತಟ್ಟೆ ಕುಕ್ಕಿ ಬಡಿಸತೊಡಗಿದಳು. ಅಣ್ಣನ ಹೆಸರಿನ ಗಿಡ ಒಣಗುವುದನ್ನು ನೋಡುವುದು ಅವನಿಗೇನು ಖುಷಿಯೇ?

ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಎದುರಿನಲ್ಲಿ ಗದ್ದಲ. ಹೊಂಗೆಯನ್ನು ಯಾರೋ ಸೊಂಟದೆತ್ತರಕ್ಕೆ ಕೊಯ್ದು ಹಾಕಿದ್ದರು. ಔಷಧಿ ಅಂಗಡಿಯವರು ಕೆಂಡಾಮಂಡಲವಾಗಿದ್ದರು. “ದೊಡ್ಡದಾಗಿ ಕಾಯ್ತೀರಲ್ಲ, ಹೇಳ್ರೀ! ಯಾರು ಮಾಡಿದ್ದು ಇದು?”

ಗುಂಪಿನ ಹಿಂದೆ ಅತ್ತಿಗೆ ನಿಂತಿದ್ದಳು. ಅವಳ ತೋಳಿನ ಮೇಲೆ ಮರದ ಹೊಟ್ಟು ಅಂಟಿತ್ತು. ಅವನಿಗೆ ಅಷ್ಟು ಸಾಕಾಯಿತು. ಆದರೆ ಅವಳ ಹೆಸರು ಎತ್ತಿದರೆ ಈ ಜನ ಅವಳನ್ನು ಬೀದಿಯಲ್ಲಿ ತಲೆಯೆತ್ತಿ ಓಡಾಡಲು ಬಿಡುವುದಿಲ್ಲ.

“ನಾನೇ,” ಎಂದ. “ಅಣ್ಣನ ಗಿಡಕ್ಕೆ ಬೆಳಕು ಬೇಕಿತ್ತು. ಕಡಿದೆ.”

ಬೈಯುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಅಂದುಕೊಂಡಿದ್ದ. ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು! ಔಷಧಿ ಅಂಗಡಿಯವರೊಬ್ಬರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಎದೆಯ ಭಾರ ಇಳಿದಂತಾಯಿತು. “ಓಹೋ, ಹಾಗಾದ್ರೆ ಕಡೀಬಹುದು ಅನ್ನಿ!” ಎಂದ ಟೈಲರ್. ಯಾರೋ ನಕ್ಕರು.

ಮುಂದಿನ ಭಾನುವಾರ ಏಣಿ, ಗರಗಸ, ಮಚ್ಚು ಎಲ್ಲ ಹೊರಬಂದವು. ತಂತಮ್ಮ ಫಲಕ ಹುಡುಕಿ, ಅದರ ಸುತ್ತ ಇದ್ದದ್ದನ್ನೆಲ್ಲ ಸವರಿದರು. ಅಧ್ಯಕ್ಷರು ಎಲ್ಲರಿಗೂ ಟೀ ತರಿಸಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಒಳಗಿನ ನೆಲದ ಮೇಲೆಲ್ಲ ಬಿಸಿಲು ರಾಚುತ್ತಿತ್ತು.

ಅತ್ತಿಗೆ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. “ಹೋಗಿ ತಡಿಯೋ! ಎಲ್ಲಾ ಬೋಳಿಸ್ತಿದಾರೆ. ನಿಮ್ಮಣ್ಣನ ಗಿಡಾನೂ ತುಳಿದು ಹಾಕ್ತಾರೆ.”

ಅವನು ಗಿರಾಕಿ ಕೂರುವ ಕುರ್ಚಿಯಿಂದ ಏಳಲಿಲ್ಲ. “ಯಾವ ಮುಖ ಇಟ್ಕೊಂಡು ತಡೀಲಿ ಅತ್ತಿಗೆ?”

ಅವಳ ಮುಖ ಕಪ್ಪಿಟ್ಟಿತು. ಬಾಗಿಲ ಕಡೆ ತಿರುಗಿದಳು. “ನಾನೇ ಹೋಗಿ ಹೇಳ್ತೀನಿ. ನೀನಲ್ಲ, ನಾನೇ ಕಡಿದಿದ್ದು ಅಂತ.”

“ಬೇಡ, ಕೂತ್ಕೊಳ್ಳಿ,” ಎಂದ ಅವನು. “ಕಡಿದಿದ್ದು ಯಾರು ಅಂತ ಈಗ ಅಲ್ಲಿ ಯಾರಿಗೂ ಬೇಕಾಗಿಲ್ಲ.”